ಅತ್ತೆ ಬೈದ ಲಾಯರು

ಸ್ಯಾನ್ ರಮೋನ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹೇಮಶ್ರೀ ಗ್ಯಾರೇಜಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಶಾಲು ಹೊದ್ದು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾರೆ. ಕಾರು ಎಲ್ಲಿಗೂ ಹೋಗುವುದಿಲ್ಲ. ಅದೇ ಅವರ ಬೆಳಗಿನ ಆಫೀಸು. ಬೆಂಗಳೂರಿನಲ್ಲಿ ಈಗ ಸಂಜೆ. ಅಲ್ಲಿಂದ ಎಂಜಿನಿಯರ್ ಮಧುಕರ್, "ಮೇಡಂ, ಇವತ್ತಾದ್ರೂ ಹ್ಞೂಂ ಅನ್ನಿ" ಎಂದು ಗೋಗರೆಯುತ್ತಾರೆ.

ದೇಶದೇಶಗಳಲ್ಲಿ ಕಚೇರಿಗಳಿರುವ ತಂತ್ರಜ್ಞಾನ ಕಂಪನಿಯೊಂದರ ಒಳಗಿನ ವಕೀಲೆ ಇವರು. ಕರಿಕೋಟಿಲ್ಲ, ಕೋರ್ಟಿಲ್ಲ, ಕಕ್ಷಿದಾರ ಕಂಪನಿಯೊಂದೇ. ಹೊಸದೊಂದು ಜನರ ಕೈಸೇರುವ ಮುಂಚೆಯೇ ಅದರಿಂದ ಯಾರಿಗೆ ತೊಂದರೆಯಾದೀತು, ಯಾವ ದೇಶದ ಕಾನೂನು ಮುರಿದೀತು ಎಂದು ಹುಡುಕಬೇಕು. ಆ ಗುಟ್ಟು ಮನೆಯವರ ಕಿವಿಗೂ ಬೀಳಬಾರದು. ಮನೆಯ ಗೋಡೆಗಳೋ ತೆಳು. ಹಾಗಾಗಿ ಈ ಕಾರು.

"ನನ್ ಕೆಲ್ಸ ಸರಿಯಾಗಿ ಆಯ್ತು ಅಂದ್ರೆ ಏನೂ ಆಗಲ್ಲ. ಏನೂ ಆಗ್ದೇ ಇರೋದನ್ನ ಯಾರು ನೋಡ್ತಾರೆ ಹೇಳಿ?" ಎಂದು ನಗುತ್ತಾರೆ.

ಬೆಂಗಳೂರಿನಲ್ಲಿ ಕಾನೂನು ಓದಿ ಬಂದವರು ಇಲ್ಲಿ ವಕೀಲಿಕೆ ಮಾಡಲು ಬೇಕಾದ ಬಾರ್ ಪರೀಕ್ಷೆಯಲ್ಲಿ ಮೊದಲ ಸಲ ಡುಮ್ಕಿ ಹೊಡೆದರು. ಎರಡನೆಯ ಸಲ ಮಗಳು ನಿಸರ್ಗಾಳನ್ನು ಡೇಕೇರಿಗೆ ಬಿಟ್ಟು, ಅದರ ಪಾರ್ಕಿಂಗಿನಲ್ಲೇ ಓದಿ ಪಾಸಾದರು. ಕಾರಿನ ನಂಟು ಹಳೆಯದು.

ಮಧುಕರ್ ಗೋಗರೆಯುತ್ತಿರುವುದು ಒಂದು ಆ್ಯಪ್‌ಗಾಗಿ. ಎದುರಿನವರು ಆಡಿದ ಮಾತು ಫೋನಿನ ಮೇಲೆ ಕನ್ನಡ ಅಕ್ಷರವಾಗಿ ಮೂಡುತ್ತದೆ. ಕಿವಿ ಮಂದವಾದವರಿಗೆ ವರದಾನ. ಹೇಮಶ್ರೀಯವರ ಅತ್ತೆ, ಮಂಡ್ಯದ ವೆಂಕಟಮ್ಮನವರ ಕಿವಿಯೂ ಮಂದವೇ. ಊಟಕ್ಕೆ ಕೂತಾಗ ಎಲ್ಲರೂ ನಕ್ಕ ಮೇಲೆ, ಯಾಕೆಂದು ತಿಳಿಯದೆ, ಒಂದು ಗಳಿಗೆ ತಡವಾಗಿ ಅವರೂ ನಗುತ್ತಾರೆ. ಸೊಸೆ ಅದನ್ನು ಪ್ರತಿ ಸಲವೂ ಗಮನಿಸುತ್ತಾರೆ. ಆದರೂ ಯುಗಾದಿಗೆ ಬರುತ್ತದೆಂದು ಕಂಪನಿ ಸಾರಿದ್ದ ಆ್ಯಪ್ ತಡೆದವರು ಹೇಮಶ್ರೀಯೇ. ಕೋಣೆಯಲ್ಲಿದ್ದವರ ಮಾತೆಲ್ಲ ಅವರನ್ನು ಕೇಳದೆ ಕಂಪನಿಯ ಕಂಪ್ಯೂಟರಿಗೆ ಹೋಗುತ್ತಿತ್ತು.

ಹತ್ತಿರದ ಊರು ಕ್ಯಾಂಪ್‌ಬೆಲ್‌ನಲ್ಲಿರುವ ಹೇಮಶ್ರೀಯವರ ಗೆಳತಿ ಪದ್ಮಜಾ, ಆ್ಯಪ್ ಬರಲಿಲ್ಲವೆಂದಾಗ ವೆಂಕಟಮ್ಮನವರಿಗೆ ಊದಿದ್ದರು: ಇಂಥದ್ದಕ್ಕೆಲ್ಲ ಲಾಯರುಗಳೇ ಅಡ್ಡಿ. ಅಂದಿನಿಂದ ಊಟದ ಹೊತ್ತಿಗೆ ಒಂದೇ ಮಂತ್ರ: "ಯಾವನೋ ಲಾಯರು ಅಡ್ಡಗಾಲು ಹಾಕವ್ನಂತೆ. ಅವನ ಮನೆ ಹಾಳಾಗ!" ಆ ಮನೆ ಇದೇ ಎಂದು ಅವರಿಗೇನು ಗೊತ್ತು? ಹೇಮಶ್ರೀ ಇನ್ನೊಂದು ಸೌಟು ಬಸ್ಸಾರು ಬಡಿಸುತ್ತಿದ್ದರು.

ಈ ಬೆಳಿಗ್ಗೆ ಮಧುಕರ್ ತಂಡ ದಾರಿ ಕಂಡುಕೊಂಡು ಬಂದಿದೆ. ಮಾತು ಫೋನಿನೊಳಗೇ ಅಕ್ಷರವಾಗಿ, ಅಲ್ಲೇ ಅಳಿಸಿಹೋಗುತ್ತದೆ. ಹೇಮಶ್ರೀ ತಿರುಗಿಸಿ ಮುರುಗಿಸಿ ಪ್ರಶ್ನೆ ಕೇಳುತ್ತಾರೆ. ಕೊನೆಗೆ, "ಹ್ಞೂಂ" ಎನ್ನುತ್ತಾರೆ. ಆ ಕಡೆಯಿಂದ ಚಪ್ಪಾಳೆ, ಶಿಳ್ಳೆ.

ಆ್ಯಪ್ ಸಂಜೆಗೆ ಜನರ ಕೈಗೆ ಬಂದಿದೆ. ಗುಟ್ಟು ಇನ್ನು ಗುಟ್ಟಲ್ಲ. ಅತ್ತೆಯ ಫೋನಿಗೆ ಅದನ್ನು ಹಾಕಿಕೊಟ್ಟು, ಹೇಮಶ್ರೀ ಮೊದಲ ಮಾತಾಡುತ್ತಾರೆ: "ಅತ್ತೆ, ನೀವು ಬೈತಿದ್ದ ಆ ಲಾಯರು ನಾನೇ."

ವೆಂಕಟಮ್ಮ ಓದುತ್ತಾರೆ. ಕನ್ನಡಕ ಒರೆಸಿ ಮತ್ತೆ ಓದುತ್ತಾರೆ. "ಅಯ್ಯೋ ನನ್ ಬಾಯಿಗಿಷ್ಟು ಮಣ್ ಬೀಳ! ನಮ್ಮನೆಗೇ ಶಾಪ ಹಾಕ್ಬುಟ್ನಲ್ಲವ್ವ!" ಎಂದು ಎದ್ದವರೇ ಒಂದು ಹಿಡಿ ಉಪ್ಪು ತಂದು ಸೊಸೆಗೆ ನಿವಾಳಿಸುತ್ತಾರೆ.

ಅಷ್ಟರಲ್ಲಿ ನಿಸರ್ಗಾ ತನ್ನ ಮುರುಕು ಕನ್ನಡದಲ್ಲಿ, "ಅಜ್ಜಿ, ಅಮ್ಮ ದಿನಾ ಕಾರಲ್ಲೇ ಆಫೀಸಿಗೆ ಹೋಗೋದು, ಬಟ್ ಕಾರು ಗ್ಯಾರೇಜಲ್ಲೇ ಇರುತ್ತೆ!" ಎನ್ನುತ್ತಾಳೆ.

ಆ ಮಾತೂ ಅಜ್ಜಿಯ ಫೋನಿನ ಮೇಲೆ ಮೂಡುತ್ತದೆ. ಮನೆಯೆಲ್ಲ ಗೊಳ್ಳೆಂದು ನಗುತ್ತದೆ.

ಈ ಕೆಲಸದಿಂದ ಏನು ಸಿಕ್ಕಿತು ಎಂದು ಕೇಳಿದರೆ ಹೇಮಶ್ರೀ ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಾರೆ. "ನೋಡಿದ್ರಲ್ಲ? ಇವತ್ತು ನಮ್ಮತ್ತೆ ಎಲ್ಲರ ಜೊತೆಗೇ ನಕ್ಕರು."