ತೂಬು ತೆಗೆದ ಮೇಲೆ

ಊರಿನವರೆಲ್ಲ ಅವನನ್ನು ತೂಬಿನಣ್ಣ ಎನ್ನುತ್ತಿದ್ದರು. ಹೊಳೆ ಸಮುದ್ರ ಸೇರುವ ಅಳಿವೆಯ ಉಪ್ಪುನೀರು ಗದ್ದೆಗೆ ನುಗ್ಗದಂತೆ ಒಂದು ಒಡ್ಡು, ಒಡ್ಡಿನ ನಡುವೆ ತೂಬು, ತೂಬಿಗೊಂದು ಮರದ ಹಲಗೆ. ಉಬ್ಬರಕ್ಕೆ ಹಲಗೆ ಇಳಿಸಬೇಕು, ಇಳಿತಕ್ಕೆ ಎತ್ತಿ ಗದ್ದೆಯ ನೀರನ್ನು ಹೊರಗೆ ಬಿಡಬೇಕು. ಸಮುದ್ರಕ್ಕೆ ರಜೆ ಇಲ್ಲವಾದ್ದರಿಂದ ಇವನಿಗೂ ಇರಲಿಲ್ಲ. ಮದುವೆಯ ದಿನ ಕೂಡ ಹಲಗೆ ಇಳಿಸಿ, ಕಾಲಿನ ಕೆಸರು ತೊಳೆದುಕೊಂಡು ಓಡಿ ಬಂದ ಭೂಪ.

ಒಂದು ಮಳೆಗಾಲದ ಬಿರುಗಾಳಿಗೆ ಒಡ್ಡು ಒಡೆದು ಗದ್ದೆಯಲ್ಲಿ ಸಮುದ್ರ ನಿಂತಿತು. ಒಡ್ಡನ್ನು ಮತ್ತೆ ಕಟ್ಟಿದರು, ನೀರೂ ಇಳಿಯಿತು, ಉಪ್ಪು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಬಿಸಿಲು ಏರಿದಂತೆ ಅದು ಮಣ್ಣಿನೊಳಗಿಂದ ಮೇಲೆದ್ದು ನೆಲವೆಲ್ಲ ಬೆಳ್ಳಗಾಯಿತು. ಬಿತ್ತಿದ ಭತ್ತ ಮೊಳಕೆಯಲ್ಲೇ ಕೈಕೊಟ್ಟಿತು. ಉಳಿದ ರೈತರು ಗದ್ದೆಗಳ ಆಸೆ ಬಿಟ್ಟು ಬೇರೆ ಕೆಲಸ ಹಿಡಿದರು. ಅವನ ಹೆಂಡತಿ ಎರಡು ಬೇಸಿಗೆ ಸಹಿಸಿಕೊಂಡಳು.

"ಈ ಬಿಳಿ ನೆಲ ನೋಡ್ಕೊಂಡು ನನಗೆ ಇರಕ್ಕಾಗಲ್ಲ ರೀ. ನೆಲ ಸಿಹಿಯಾದ ಮೇಲೆ ಹೇಳಿ, ಬರ್ತೀನಿ" ಎಂದು ಗುಡ್ಡದ ಮೇಲಿನ ಊರಿಗೆ, ಅಕ್ಕನ ಮನೆಗೆ ಹೋದಳು.

ಅಂದಿನಿಂದ ಅವನ ಫೋನುಗಳೆಲ್ಲ ಮಣ್ಣಿನ ವರದಿಗಳೇ. "ಈ ಸಲ ಮಳೆನೀರು ನಿಲ್ಲಿಸಿ ಹೊರಗೆ ಬಿಟ್ಟಿದ್ದೀನಿ ಕಣೆ, ಸ್ವಲ್ಪ ತೊಳ್ಕೊಂಡು ಹೋಗಿದೆ." ಅವಳು "ಹೂಂ" ಅನ್ನುತ್ತಿದ್ದಳು. ಬೇಸಿಗೆ ಬಂದರೆ ಉಪ್ಪು ಮತ್ತೆ ಹಾಜರು. ನೆಲ ಅಳಿವೆಗಿಂತ ತಗ್ಗು, ಒಡ್ಡಿನ ಅಡಿಯಿಂದಲೇ ಉಪ್ಪುನೀರು ಜಿನುಗುತ್ತಿತ್ತು. ಅವನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ, ಹೇಳಿದರೆ ಅವಳು ಬರುವ ದಾರಿಯೇ ಮುಚ್ಚಿಹೋಗುತ್ತದಲ್ಲ. ರಾತ್ರಿ ಅನ್ನಕ್ಕಿಡುವಾಗ ಈಗಲೂ ಕೈ ಇಬ್ಬರ ಅಳತೆಯ ಅಕ್ಕಿ ತೆಗೆಯುತ್ತಿತ್ತು.

ಒಡ್ಡಿನ ಹೊರಗೆ, ಉಪ್ಪುನೀರಿನಲ್ಲೇ, ಎಲೆಯಿಲ್ಲದ ಗೆಣ್ಣುಗೆಣ್ಣಿನ ಹಸಿರು ಗಿಡಗಳು ಸೊಂಪಾಗಿ ಬೆಳೆದಿದ್ದವು. ಕನಿಷ್ಠ ಹಸಿರಾದರೂ ಕಾಣಲಿ ಎಂದು ಅವನು ಕೆಲವನ್ನು ಕಿತ್ತು ಗದ್ದೆಯಲ್ಲಿ ನೆಟ್ಟ. ಹಲಗೆ ಇಳಿಸಿ, ಬಾವಿಯಿಂದ ಸಿಹಿನೀರು ಹೊತ್ತು ತಂದು ಮಕ್ಕಳಿಗೆ ಕುಡಿಸುವಂತೆ ಕುಡಿಸಿದ. ಬೇಸಿಗೆಯಲ್ಲಿ ಮಣ್ಣು ಹಪ್ಪಳದಂತೆ ಒಣಗಿ, ಸಮುದ್ರಕ್ಕಿಂತ ಉಪ್ಪಾಗಿ, ಒಂದು ಗಿಡವೂ ಉಳಿಯಲಿಲ್ಲ.

ಅವನ ಗೆಳೆಯ ಬಲೆಗಾರ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಮುದ್ರದ ಮಕ್ಕಳನ್ನ ಒಳಗೆ ಕರೆದು ಸಮುದ್ರಕ್ಕೇ ಬಾಗಿಲು ಹಾಕಿದ್ದೀಯಲ್ಲೋ! ನೀರು ಬಂದು ಹೋಗ್ತಾ ಇರ್ಬೇಕು ಕಣೋ. ಹಲಗೆ ತೆಗಿ."

ಹಲಗೆ ತೆಗೆಯುವುದೆಂದರೆ ಭತ್ತಕ್ಕೆ ಎಳ್ಳುನೀರು ಬಿಟ್ಟಂತೆ. ನೆಲ ಇನ್ನು ಸಿಹಿಯಾಗದು, ಅವಳಿಗೆ ಹೇಳಲು ಏನೂ ಉಳಿಯದು. ಸಾಕಷ್ಟು ದಿನ ಮೀನಮೇಷ ಎಣಿಸಿದ. ಕೊನೆಗೊಂದು ಬೆಳಿಗ್ಗೆ ಉಬ್ಬರದ ಹೊತ್ತಿಗೆ ಹಲಗೆ ಎತ್ತಿದ. ಜೀವಮಾನವಿಡೀ ಹೊರಗಿಟ್ಟ ನೀರು ಸದ್ದಿಲ್ಲದೆ ಒಳಗೆ ಬಂತು. ಅವನಿಗೆ ಕಳ್ಳತನ ಮಾಡಿದಷ್ಟು ಭಯವಾಯಿತು.

ಮುಂದಿನ ವರ್ಷ ನೆಲ ತಾನೇ ತನ್ನ ಪಾಲು ಹಂಚಿಕೊಂಡಿತು. ಸದಾ ಕೆಸರಿರುವ ತಗ್ಗಿನಲ್ಲಿ ಬೇರನ್ನು ಮೇಲೆತ್ತಿ ಉಸಿರಾಡುವ ಗಿಡಗಳು, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಮಾತ್ರ ನೀರು ಮುಟ್ಟುವ ಬಯಲಿನಲ್ಲಿ ಗೆಣ್ಣಿನ ಗಿಡಗಳು, ಮರಳುದಿಬ್ಬದ ಮೇಲೆ ದಪ್ಪ ಎಲೆಯ ಬಳ್ಳಿ. ಕಣ್ಣು ತುಂಬ ಹಸಿರು. ಇದನ್ನು ಅವಳು ನೋಡಬೇಕಿತ್ತು ಅನ್ನಿಸಿತು.

ಫೋನು ಮಾಡಿದ. "ನೆಲ ಸಿಹಿಯಾಗಲ್ಲ ಕಣೆ. ಇನ್ಯಾವತ್ತೂ ಆಗಲ್ಲ. ತೂಬು ತೆಗೆದುಬಿಟ್ಟೆ. ನೆಲದ ಮಾತು ಬಿಡು. ನೀನು ಬಾ."



"ಇಷ್ಟು ವರ್ಷ ಮಣ್ಣಿನ ಸುದ್ದಿ ಹೇಳಿದ್ರಿ. ಬಾ ಅಂತ ಇವತ್ತೇ ಅಂದಿದ್ದು" ಎಂದಳು ಅವಳು. "ಅಕ್ಕನಿಗೆ ಈಗ ಕಣ್ಣು ಕಾಣಲ್ಲ ರೀ. ಬಿಟ್ಟು ಹೆಂಗೆ ಬರ್ಲಿ? ತೂಬು ತೆಗೆದಾದ್ಮೇಲೆ ಅದನ್ನ ಕಾಯೋ ಕೆಲಸ ಇಲ್ವಲ್ಲ. ನೀವೇ ಬನ್ನಿ. ಬರ್ತೀರಾ?"

ಬರ್ತೀನಿ ಅನ್ನುವುದೊಂದೇ ಬಾಕಿ. ಆದರೆ ಕಣ್ಣು ಕೆಸರಿನ ಎಳೆ ಗಿಡಗಳ ಮೇಲಿತ್ತು.

"ಬರ್ತೀನಿ ಕಣೆ, ಈ ಗಿಡಗಳು ಒಂದಿಷ್ಟು ಬೇರು ಬಿಡ್ಲಿ..." ಎಂದುಬಿಟ್ಟ. ಎಂದ ಮೇಲೆ ತನ್ನ ಮಾತು ತನಗೇ ಕೇಳಿಸಿತು.

"ಹೂಂ" ಎಂದಳು ಅವಳು. "ಬಿಡ್ಲಿ."