ನಾನು ಬಿಡಿಸಿದ ಬೆರಳುಗಳು

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಗುಬ್ಬಿಯಿಂದ ತುಮಕೂರಿನ ಕಡೆ ಬರುವಾಗ ಒಂದು ರೈಲ್ವೆ ಗೇಟು. ಅದರ ಗುಬ್ಬಿ ಬದಿಯಲ್ಲಿ, ಎಡಕ್ಕೆ, ಗೇಟಿನ ಕಂಬಿಯಿಂದ ನಾಲ್ಕು ಹೆಜ್ಜೆ ಹಿಂದೆ. ತೊಂಬತ್ತೇಳನೇ ಇಸವಿ, ಕಾರ್ತಿಕದ ಒಂದು ಸೋಮವಾರ, ಸಂಜೆ ಏಳೂಮುಕ್ಕಾಲು. ನನಗೆ ಕುಡಿಯುವ ಅಭ್ಯಾಸವಿಲ್ಲ. ನಡೆದದ್ದಕ್ಕೆ ಒಂದು ಮಾತನ್ನೂ ಸೇರಿಸಿಲ್ಲ.

ನನ್ನದು ಹೊಲಿಗೆ ಮಿಷನ್ ರಿಪೇರಿ ಕೆಲಸ. ಗುಬ್ಬಿಯಲ್ಲಿ ಒಬ್ಬ ಟೈಲರ್‌ನ ಎರಡು ಮಿಷನ್ ಸರಿಮಾಡಿ, ಮೊಪೆಡ್‌ನಲ್ಲಿ ಶೆಟ್ಟಿಹಳ್ಳಿಯ ಮನೆಗೆ ಹೊರಟಿದ್ದೆ. ಗೇಟು ಹಾಕಿತ್ತು. ಕರೆಂಟ್ ಹೋಗಿತ್ತು. ನನ್ನ ಹಿಂದೆ ನಿಂತಿದ್ದ ಲಾರಿಯ ದೀಪ ಮಾತ್ರ ಹಳಿಗಳ ಮೇಲೆ ಬಿದ್ದಿತ್ತು.

ಪಕ್ಕದಲ್ಲಿ ಕಡಲೆಕಾಯಿ ಹುರಿಯುವ ತಳ್ಳುಗಾಡಿ. ಗಾಡಿಯಾಕೆ ಗಂಗಮ್ಮ. ಆಗ ಐವತ್ತು ವರ್ಷವಿರಬಹುದು.

"ಬಿಸಿ ಐತೆ ಸಾಮಿ, ನಿಧಾನಕ್ಕೆ ತಿನ್ನಿ. ಮೀಸೆ ಸುಟ್ಕಂಡು ಮನೇಲಿ ನನ್ನ ಬೈಸ್ಬೇಡಿ," ಅಂದಳು. ನಕ್ಕೆ. ಆ ದಿನ ನಕ್ಕಿದ್ದು ಅದೇ ಕೊನೆ.

ತಲೆ ಎತ್ತಿದಾಗ ಹಳಿಯ ಮೇಲೆ ಇಬ್ಬರು ಗಂಡಸರಿದ್ದರು...

ಬನಿಯನ್ ತೊಟ್ಟ ದಪ್ಪ ಆಳು, ನಮಗೆ ಬೆನ್ನು ಹಾಕಿಕೊಂಡು, ಎದುರಿಗಿದ್ದ ಸಣಕಲನ ಕೊರಳಪಟ್ಟಿಯನ್ನು ಒಂದೇ ಕೈಯಲ್ಲಿ ಬಿಗಿಯಾಗಿ ಹಿಡಿದು ಜಗ್ಗಾಡುತ್ತಿದ್ದ. ಸಣಕಲ ಕಾಲು ಊರಿ ಹಿಂದಕ್ಕೆ ವಾಲಿದ್ದ. ಇಬ್ಬರ ಕಾಲ ಕೆಳಗೂ ಜಲ್ಲಿಕಲ್ಲು. ಅಷ್ಟು ಎಳೆದಾಟದಲ್ಲಿ ಒಂದು ಕಲ್ಲೂ ಸದ್ದು ಮಾಡಲಿಲ್ಲ. ಇದನ್ನು ನಾನು ಆಗಲೇ ಗಮನಿಸಿದ್ದೆ. ಆದರೆ ಯೋಚಿಸಲಿಲ್ಲ.

ಗೇಟಿನ ಬಳಿ ಹತ್ತು ಹನ್ನೆರಡು ಜನರಿದ್ದರು. ಎಲ್ಲರೂ ಬೇರೆ ಬೇರೆ ಕಡೆ ನೋಡುತ್ತಿದ್ದರು. ಸೈಕಲ್ಲಿನವನೊಬ್ಬ ತನ್ನ ಚೈನನ್ನೇ ನೋಡುತ್ತಿದ್ದ. ಗಂಗಮ್ಮನ ಸೌಟು ನಿಂತಿತ್ತು. ಕಡಲೆಕಾಯಿ ಸೀಯುವ ವಾಸನೆ.

"ಕೊಂದ್ಹಾಕ್ತಾನೆ ಕಣಮ್ಮ! ಯಾರೂ ಬಿಡಿಸಲ್ವಾ?"

"ಬುಡಿ ಸಾಮಿ. ಅಣ್ತಮ್ಮಂದ್ರು. ಆ ಕಡೆ ನೋಡ್ಬೇಡಿ."

ಸೈಕಲ್ಲಿನವನು ಮೆಲ್ಲಗೆ ಕೇಳಿದ, "ಏನ್ ಸಾಮಿ, ಈ ಕಡೆಗೆ ಹೊಸಬ್ರಾ?"

ನಾನು ಮೊಪೆಡ್ ನಿಲ್ಲಿಸಿ ಕಂಬಿಯ ಕೆಳಗೆ ನುಗ್ಗಿದೆ. ದೂರದಲ್ಲಿ ರೈಲಿನ ಕೂಗು ಕೇಳಿಸಿತು. ದಪ್ಪ ಆಳಿನ ಮಣಿಕಟ್ಟು ಹಿಡಿದೆ. ಮಣ್ಣಿನ ಗಡಿಗೆಯ ತಳದಷ್ಟು ತಣ್ಣಗಿತ್ತು. ಬಿಗಿದ ಬೆರಳುಗಳನ್ನು ಕೊರಳಪಟ್ಟಿಯಿಂದ ಒಂದೊಂದಾಗಿ ಬಿಡಿಸಿದೆ. ಕಿರುಬೆರಳು. ಉಂಗುರದ ಬೆರಳು. ನಡುಬೆರಳು. ತೋರುಬೆರಳು...

ಅವನು ನನ್ನ ಕಡೆ ತಿರುಗಿದ. ಅಳುತ್ತಿದ್ದ.

"ಬುಡಿಸ್ಬೇಡಿ ಅಣ್ಣಾ... ನೀವೂ ಹಿಡ್ಕಳಿ. ಒಬ್ನ ಕೈಲಿ ಆಯ್ತಿಲ್ಲ."

ಆ ಮಾತು ನನಗೆ ಅರ್ಥವಾಗುವಷ್ಟರಲ್ಲಿ ಹೆಬ್ಬೆರಳೂ ಬಿಟ್ಟುಕೊಂಡಿತ್ತು. ಸಣಕಲ ಎರಡು ಹೆಜ್ಜೆ ಹಿಂದೆ ಹೋಗಿ ಹಳಿಗಳ ನಡುವೆ ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಭಯವೂ ಇರಲಿಲ್ಲ. ಬಸ್ಸಿಗೆ ಕಾಯುವವರ ಮುಖ. ದಪ್ಪ ಆಳು ಅವನ ಹಿಂದೆಯೇ ಓಡಿದ.

ಯಾರೋ ನನ್ನ ಅಂಗಿ ಹಿಡಿದು ಹಿಂದಕ್ಕೆಳೆದರು. ಗೇಟಿನ ಕಾವಲುಗಾರ. ರೈಲು ಹೋಯಿತು. ಎಷ್ಟು ಡಬ್ಬಿ, ಎಷ್ಟು ಹೊತ್ತು, ಗೊತ್ತಿಲ್ಲ. ಆಮೇಲೆ ಹಳಿಯ ಮೇಲೆ ಏನೂ ಇರಲಿಲ್ಲ. ರಕ್ತವಿಲ್ಲ, ಚಪ್ಪಲಿಯಿಲ್ಲ. ಗೇಟು ಎತ್ತಿದರು. ಲಾರಿ ಹೋಯಿತು, ಸೈಕಲ್ಲು ಹೋಯಿತು. ಒಬ್ಬರೂ ಹಿಂತಿರುಗಿ ನೋಡಲಿಲ್ಲ.

ಗಂಗಮ್ಮ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕಾವಲುಗಾರ, ಕೈಯಲ್ಲಿ ಲಾಂದ್ರ.

"ಏನಂದ ಅವ್ನು ನಿಮ್ಗೆ?" ಅಂತ ಕಾವಲುಗಾರ ಕೇಳಿದ. "ವರ್ಷದಿಂದ ಕಾಣಿಸ್ತಾವ್ರೆ. ಒಂದ್ ದಿನಾನೂ ಬಾಯಿ ಬಿಟ್ಟಿರ್ಲಿಲ್ಲ."

ನಾನು ಹೇಳಬೇಕಾಗಿ ಬರಲಿಲ್ಲ. ಗಂಗಮ್ಮನಿಗೆ ಕೇಳಿಸಿತ್ತು.

"ಹಿಡ್ಕಳಿ ಅಂದ," ಅಂದಳು. "ಹೋದ ವರ್ಷ ಇಲ್ಲೇ ಇಬ್ರೂ ರೈಲಿಗೆ ಸಿಕ್ಕಿ ಸತ್ರು ಸಾಮಿ. ಅವತ್ತೂ ಗೇಟ್ ಹಾಕಿತ್ತು, ಜನ ತುಂಬಿದ್ರು. ಹೊಲದ ಜಗಳ, ಅಣ್ಣ ಹೊಡೀತಾವ್ನೆ ಅಂದ್ಕಂಡ್ವಿ. ಯಾರೋ ಬಿಡ್ಸಕ್ಕೆ ಹೊಂಟ್ರು. 'ಅಣ್ತಮ್ಮಂದ್ರ ಜಗಳ, ನಾಳೆ ಒಂದಾಯ್ತಾರೆ, ಬುಡ್ರಪ್ಪ' ಅಂತ ತಡ್ದಿದ್ದು ನಾನೇ... ಹೊಡೀತಿರ್ಲಿಲ್ಲ ಅವ್ನು. ಸಾಯಕ್ಕೆ ನಿಂತಿದ್ ತಮ್ಮುನ್ನ ಹಳಿಯಿಂದ ಈಚೆಗೆ ಎಳೀತಿದ್ದ."

ಮೊಪೆಡ್ ಓಡಿಸಿಕೊಂಡು ಮನೆಗೆ ಬಂದದ್ದು ನೆನಪಿಲ್ಲ. ಊಟ ಮಾಡಿದೆನಂತೆ. ಅಂದಿನಿಂದ ನನ್ನ ಬಲಗೈ ಬೆರಳ ತುದಿಗಳಿಗೆ ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ. ಡಾಕ್ಟರು ನರ ಅಂದರು, ಮಾತ್ರೆ ಕೊಟ್ಟರು. ಈಗ ಮಿಷನ್ನಿಗೆ ದಾರ ಪೋಣಿಸುವವಳು ನನ್ನ ಹೆಂಡತಿ.

ಮತ್ತೆಂದೂ ಸಂಜೆ ಹೊತ್ತು ಆ ದಾರಿಯಲ್ಲಿ ಹೋಗಿಲ್ಲ. ಕೆಲವು ವರ್ಷದ ಮೇಲೆ ಕುಣಿಗಲ್‌ಗೆ ಕೆಲಸಕ್ಕೆ ಹೋದಾಗ ಗಂಗಮ್ಮ ಸಿಕ್ಕಳು. ಅಲ್ಲಿ ಮಗಳ ಮನೆಯಲ್ಲಿದ್ದಳು. ಅವರು ಈಗಲೂ ಕಾಣಿಸುತ್ತಾರಾ ಅಂತ ಕೇಳಿದೆ.

"ಇಲ್ಲ ಸಾಮಿ. ಆ ಸೋಮವಾರದಿಂದ ಬರ್ಲೇ ಇಲ್ಲ. ಗಾಡಿ ಮಾರಿದ್ ಮೇಲೂ ಮೂರು ವರ್ಷ ದಿನಾ ಸಂಜೆ ಗೇಟ್ ತಾವ ಹೋಗಿ ನಿಂತ್ಕಂಡೆ. ಈ ಸಲ ನಾನೂ ಹಿಡ್ಕಳಾಣ ಅಂತ."

ಅವಳು ಎರಡೂ ಅಂಗೈ ನನ್ನ ಮುಂದೆ ಚಾಚಿದಳು. ಹಿಡಿಯಲು ಯಾರೂ ಸಿಕ್ಕದ ಕೈಗಳು.

ಕಾವಲುಗಾರ ತೀರಿಕೊಂಡ. ಸೈಕಲ್ಲಿನವನು ಯಾರೆಂದು ಗೊತ್ತಿಲ್ಲ. ಆ ಮಾತು ತಿಳಿದವರಲ್ಲಿ, ನನಗೆ ಗೊತ್ತಿರುವಂತೆ, ಇಂದಿಗೂ ಬದುಕಿರುವವರು ಇಬ್ಬರೇ. ನಾನು, ಕುಣಿಗಲ್‌ನ ಗಂಗಮ್ಮ.