ಕೆರೆಯಂಗಳದ ರೆಫ್ರಿ ಜಂಪಣ್ಣ

ನಮ್ಮದು ಜಗಳೂರಿನಿಂದ ಬಿಳಿಚೋಡಿಗೆ ಹೋಗುವ ಬಸ್ಸು ನಿಧಾನ ಮಾಡುವ ಊರು. ಪೂರ್ತಿ ನಿಲ್ಲುತ್ತದೆ ಎಂದರೆ ಸುಳ್ಳಾದೀತು. ಊರಿಗೊಂದು ಕೆರೆ, ಕೆರೆಯ ಏರಿಯ ಮೇಲೊಂದು ಪಾರ್ಕು. ಪಾರ್ಕಿನಲ್ಲಿ ಕಲ್ಲುಬೆಂಚುಗಳು, ವಾಕಿಂಗ್ ದಾರಿ, ಹೆಂಗಸರು ಕುಳಿತು ಮಾತಾಡಲು ಬಳಸುವ ಕಬ್ಬಿಣದ ವ್ಯಾಯಾಮದ ಯಂತ್ರಗಳು, ಜೊತೆಗೆ ‘ಆಳವಾದ ನೀರಿದೆ, ಎಚ್ಚರಿಕೆ’ ಎಂಬ ಬೋರ್ಡು. ಬೋರ್ಡು ನೆಟ್ಟ ವರ್ಷದಿಂದ ಕೆರೆಗೆ ನೀರೇ ಬಂದಿರಲಿಲ್ಲ. ಆಡುಗಳಿಗೆ ಮೈ ತುರಿಸಿಕೊಳ್ಳಲು ಬೋರ್ಡು ಅನುಕೂಲವಾಗಿತ್ತು.

ನೀರಿಲ್ಲದ ಕೆರೆಯಂಗಳದಲ್ಲಿ ಒಂದು ವಾಲಿಬಾಲ್ ಕೋರ್ಟಿತ್ತು. ಅದನ್ನು ಮಾಡಿದವನು ಜಂಪಣ್ಣ. ಐವತ್ತು ದಾಟಿದ ಮನುಷ್ಯ, ಬಸ್‌ಸ್ಟ್ಯಾಂಡಿನ ಪಕ್ಕ ಪಂಕ್ಚರ್ ಅಂಗಡಿ. ಕೆರೆಯ ಎರೆಮಣ್ಣಿನ ಮೇಲೆ ಟ್ರ್ಯಾಕ್ಟರಿನಲ್ಲಿ ಗರಸು ಮಣ್ಣು ತಂದು ಸುರಿಸಿ, ನೀರು ಹೊಡೆದು, ತುಳಿದು ಗಟ್ಟಿ ಮಾಡಿದ್ದ. ಸುಣ್ಣದಲ್ಲಿ ಗೆರೆ ಎಳೆದರೆ ಸಂಜೆ ಊರಿಗೆ ಮರಳುವ ಕುರಿಹಿಂಡು ಅಳಿಸಿಕೊಂಡು ಹೋಗುತ್ತಿತ್ತು. ಹಾಗಾಗಿ ತೆಂಗಿನ ನಾರಿನ ಹಗ್ಗ ಎಳೆದು ಮೊಳೆ ಹೊಡೆದು ಅದನ್ನೇ ಗೆರೆ ಎಂದ. ಕೋರ್ಟು ಮಾಡಿದವನೇ ರೆಫ್ರಿ ಎಂಬುದು ಯಾರೂ ಚರ್ಚಿಸದೆ ತೀರ್ಮಾನವಾಯಿತು.

ಬೇರೆಡೆ ಜಂಪಣ್ಣನ ಮಾತು ಅಷ್ಟಾಗಿ ನಡೆಯುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಲಕ್ಷ್ಮಕ್ಕ ಏನು ಸಾರು ಮಾಡಲಿ ಎಂದು ಕೇಳುತ್ತಿದ್ದರು. ಇವನು ಯೋಚಿಸಿ ಉತ್ತರ ಹೇಳುವಷ್ಟರಲ್ಲಿ ಒಲೆಯ ಮೇಲೆ ಬೇರೊಂದು ಸಾರು ಕುದಿಯುತ್ತಿರುತ್ತಿತ್ತು. ಅಂಗಡಿಯಲ್ಲಿ ಮಗ ಕೆಂಚೇಶ್ ‘ಅಪ್ಪಾ, ನೀನು ಸುಮ್ಕೆ ಕುಂದ್ರು’ ಎಂದು ಗಿರಾಕಿಯ ಜೊತೆ ತಾನೇ ಮಾತಾಡಿ ಮುಗಿಸುತ್ತಿದ್ದ. ಕೆರೆಯಂಗಳಕ್ಕೆ ಇಳಿದರೆ ಮಾತ್ರ ಜಂಪಣ್ಣ ಔಟ್ ಎಂದದ್ದು ಔಟ್. ಜಗಳ ಆಗುತ್ತಿರಲಿಲ್ಲವೆಂದಲ್ಲ. ದಿನಾ ಸಂಜೆ ಆಗುತ್ತಿತ್ತು. ಎಲ್ಲರ ಗಂಟಲೂ ಒಣಗಿದ ಮೇಲೆ ಅವನ ಮಾತೇ ಉಳಿಯುತ್ತಿತ್ತು.

ನಾನು ಬಸ್‌ಸ್ಟ್ಯಾಂಡ್ ಟೀಮಿನವನು. ಹೈಸ್ಕೂಲ್ ಮೇಷ್ಟ್ರು, ಹೊಟ್ಟೆ ಸ್ವಲ್ಪ ಮುಂದೆ, ಮೊಣಕಾಲು ಸ್ವಲ್ಪ ಹಿಂದೆ. ನನ್ನನ್ನು ಸೇರಿಸಿಕೊಂಡದ್ದು ಆಟ ನೋಡಿ ಅಲ್ಲ, ಚೆಂಡು ಕೊಡಿಸಿದ್ದೆ ಎಂಬ ಕಾರಣಕ್ಕೆ. ನಮ್ಮ ಎದುರಾಳಿ ಸಂತೆಮೈದಾನದ ಟೀಮು. ಕೆಂಚೇಶ್ ಇದ್ದದ್ದು ಅದರಲ್ಲಿ.

ಮುಂಗಾರಿನಲ್ಲಿ ಕೋರ್ಟು ತಲುಪುವುದೇ ಒಂದು ಆಟ. ಎರೆಮಣ್ಣು ಚಪ್ಪಲಿಗೆ ಮೆತ್ತಿ ಹೆಜ್ಜೆಹೆಜ್ಜೆಗೂ ನಾನು ಬೆಳೆಯುತ್ತಿದ್ದೆ. ಗರಸಿನ ಮೇಲೆ ಕಾಲು ಉಜ್ಜಿದ ಕೂಡಲೇ ಮತ್ತೆ ಕುಳ್ಳ. ಚಳಿಗಾಲಕ್ಕೆ ಅಂಗಳದ ತುಂಬ ಹುಲ್ಲು, ಎಮ್ಮೆಗಳ ಹಿಂದೆ ಹಿಂದೆ ಬಿಳಿ ಕೊಕ್ಕರೆಗಳು, ಆಟ ರಂಗೇರುವ ಮೊದಲೇ ಇಳಿದುಬಿಡುವ ಬಿಸಿಲು. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು, ಹೊರಗೆ ಹೋದ ಚೆಂಡು ಎಲ್ಲಾದರೂ ಸಿಕ್ಕಿಕೊಂಡು ಕೂರುತ್ತಿತ್ತು. ಒಂದು ಬೇಸಿಗೆಯಲ್ಲಿ ಟಿಟ್ಟಿಭ ಹಕ್ಕಿಯೊಂದು ಕೋರ್ಟಿನ ಮೂಲೆಯಲ್ಲಿ ಬರೀ ನೆಲದ ಮೇಲೆ ಮೊಟ್ಟೆ ಇಟ್ಟಿತು. ಜಂಪಣ್ಣ ಸುತ್ತ ಕಲ್ಲುಗಳನ್ನಿಟ್ಟು, ಈ ಮೂಲೆ ಇನ್ನು ಆಟದಲ್ಲಿ ಇಲ್ಲ, ಅಲ್ಲಿಗೆ ಹೊಡೆದವರ ಪಾಯಿಂಟು ಹೋಯಿತು ಎಂದು ಸಾರಿದ. ಕೆಂಚೇಶ್ ಇದ್ಯಾವ ರೂಲು ಎಂದು ಕೂಗಾಡಿದ. ಆದರೂ ಮರಿಗಳು ಹೊರಬಂದು ಓಡಿಹೋಗುವವರೆಗೆ ನಾವೆಲ್ಲ ಮುಕ್ಕಾಲು ಕೋರ್ಟಿನಲ್ಲೇ ಆಡಿದೆವು. ನನ್ನ ಆಟ ಅತ್ಯುತ್ತಮವಾಗಿದ್ದ ಕಾಲ ಅದು. ಕಾಯಬೇಕಾದ ಜಾಗ ಕಡಿಮೆ ಇತ್ತು.

ಹೋದ ವರ್ಷದ ಹಿಂಗಾರು ಮೇಲಿನ ಹಳ್ಳಿಗಳಲ್ಲಿ ಜೋರಾಗಿ ಹೊಡೆದು, ಹಳ್ಳ ಹರಿದು ಕೆರೆಗೆ ಬಂತು. ಊರಿಗೆ ಊರೇ ಏರಿಯ ಮೇಲೆ. ಗಾದ್ರಮ್ಮ ಎಂಬ ಮುದುಕಿ ಎಲ್ಲರಿಗಿಂತ ಮೊದಲು ಇಳಿದು, ಕೆಂಪು ನೀರನ್ನು ತಲೆಗೆ ಚಿಮುಕಿಸಿಕೊಂಡು ಕಾಯಿ ಒಡೆದಳು. ನನ್ನ ಮನೆಯ ಬೋರಿಗೂ ನೀರು ಬೇಕು, ನಾನೂ ಕೈಮುಗಿದೆ. ಒಂದು ಕಣ್ಣು ಮಾತ್ರ ಕೋರ್ಟಿನ ಕಡೆಗಿತ್ತು. ಜಂಪಣ್ಣನೂ ನೀರಿಗೆ ಹೂವು ಬಿಟ್ಟು, ಕೈಮುಗಿದು, ನನ್ನ ಪಕ್ಕ ಬಂದು ನಿಂತ. ಮುಂದೇನು ಎಂದು ಕೇಳಿದೆ.

“ಬರ್ಲಿ ಬಿಡ್ರಿ ಮೇಷ್ಟ್ರೇ, ಊರಿಗೆ ಬೇಕಲ್ಲ ನೀರು. ನಾನು ಸಂಜಿಗೂ ಅಂಗಡ್ಯಾಗೇ ಕುಂದ್ರತೀನಿ,” ಎಂದ. ತೇಲಿಹೋಗುತ್ತಿದ್ದ ಹೂವನ್ನು ನೋಡುತ್ತಾ ಸೇರಿಸಿದ: “ಅಲ್ಲಿ ಮಾತಾಡಾಕೆ ಬಿಡಲ್ಲ, ಅಷ್ಟೆ.”

ಆ ವರ್ಷ ಎರಡೂ ಟೀಮುಗಳು ಸಮಸಮವಾಗಿ ಗೆದ್ದು ಒಂದೇ ಪಂದ್ಯ ಬಾಕಿ ಇತ್ತು. ಸೋತವರು ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕೊಡಿಸಬೇಕು. ನೀರು ಕೋರ್ಟಿನ ಅಂಚಿಗೆ ಬಂದ ಸಂಜೆ, ಮುಳುಗುವ ಮೊದಲು ಮುಗಿಸಿಬಿಡೋಣ ಎಂದು ಇಳಿದೆವು. ನೀರು ನಮಗಿಂತ ಚುರುಕಾಗಿತ್ತು. ಆಟ ಕೊನೆಗೆ ಬರುವ ಹೊತ್ತಿಗೆ ಸಂತೆಮೈದಾನದವರ ಹಿಂದಿನ ಗೆರೆಯ ಮೇಲೆ ಪಾದ ಮುಳುಗುವಷ್ಟು ಕೆಂಪು ನೀರು ನಿಂತಿತ್ತು. ಅವರ ಹಿಂದಿನ ಸಾಲಿನವರು ಪ್ಯಾಂಟು ಮಡಚಿಕೊಂಡು ಆಡುತ್ತಿದ್ದರು. ಅವರಿಗೆ ಗೆಲ್ಲಲು ಒಂದೇ ಪಾಯಿಂಟು ಬೇಕಿತ್ತು. ಆಗ ಚೆಂಡು ನೇರ ನನ್ನ ತಲೆಯ ಮೇಲೆ ಬಂತು. ಕಣ್ಣು ಮುಚ್ಚಿ ಹೊಡೆದೆ. ಅದು ನೆಟ್ ದಾಟಿ, ಎಲ್ಲರನ್ನೂ ದಾಟಿ, ಹಗ್ಗ ಇರಬೇಕಾದ ಜಾಗದ ಆಸುಪಾಸಿನಲ್ಲಿ ನೀರಿಗೆ ಬಿದ್ದು ತೇಲಿಕೊಂಡು ಹೋಯಿತು.

ನಮ್ಮವರು ಇನ್ ಎಂದರು, ಅವರು ಔಟ್ ಎಂದರು. ಏರಿಯ ಮೇಲಿದ್ದವರೂ ಎರಡು ಪಾರ್ಟಿಯಾದರು. ಜಂಪಣ್ಣ ಪಂಚೆ ಎತ್ತಿ ಕಟ್ಟಿ ನೀರಿಗಿಳಿದ. ಹಗ್ಗ ಹುಡುಕುತ್ತಾ ಕಾಲನ್ನು ನಿಧಾನವಾಗಿ ಎಳೆದ. ನಿಂತ. ಇನ್ನೊಂದು ಹೆಜ್ಜೆ ಹಿಂದೆ ಸರಿದ. ಕೂಗಾಟ ತಾನಾಗಿಯೇ ತಗ್ಗಿತು. ಕಣ್ಣಿಗೆ ಕಾಣುವ ಹಗ್ಗಕ್ಕೇ ದಿನಾ ಜಗಳವಾಡಿದ ಜನ ನಾವು. ಈಗ ಕಾಣದ ಹಗ್ಗ, ಅದೂ ಔಟ್ ಎಂದರೆ ಗೆಲ್ಲುವುದು ಅವನ ಮಗನ ಟೀಮು. ಇವತ್ತು ಇವನ ಮಾತೂ ಕೋರ್ಟಿನ ಜೊತೆಗೇ ಮುಳುಗಿತು ಎಂದುಕೊಂಡೆ.

“ಔಟ್,” ಎಂದ ಜಂಪಣ್ಣ.

ನಮ್ಮ ಕ್ಯಾಪ್ಟನ್ ದುರುಗಪ್ಪ ಇಂಥ ಹೊತ್ತಿನಲ್ಲಿ ತೀರ್ಪು ಒಪ್ಪದೆ ನೆಲದ ಮೇಲೆ ಮಲಗಿಬಿಡುವ ಆಸಾಮಿ. ಅವನು ಕತ್ತು ಕೆರೆದುಕೊಂಡು, ನೆಟ್ಟಿನ ಕೆಳಗೆ ನುಸುಳಿ ಕೆಂಚೇಶನ ಕೈ ಕುಲುಕಿದ. ನಾನು ಮೆಲ್ಲಗೆ ಜಂಪಣ್ಣನ ಹತ್ತಿರ ಹೋಗಿ ಹಗ್ಗ ಸಿಕ್ಕಿತೇ ಎಂದು ಕೇಳಿದೆ.

“ಎಲ್ಲಿ ಸಿಗ್ತೈತೆ, ಎಲ್ಲಾ ಕೆಸರು.”

“ಮತ್ತೆ ಔಟ್ ಅಂದ್ಯಲ್ಲಪ್ಪ?”

“ನೀವು ಕಣ್ಣು ಮುಚ್ಕಂಡು ಹೊಡ್ದಿದ್ದು ಯಾವತ್ತು ಒಳಗೆ ಬಿದ್ದೈತೆ, ಹೇಳ್ರಿ.”

ಮಿರ್ಚಿ ಖಾಲಿಯಾಗುವವರೆಗೆ ನಮ್ಮವರಿಗೆ ಈ ವಿಷಯ ನಾನು ತಿಳಿಸಲಿಲ್ಲ.

ಮಾರನೆಯ ದಿನ ಮೊಣಕಾಲು ನೀರಿನಲ್ಲಿ ನಿಂತು ಎಲ್ಲರೂ ಸೇರಿ ನೆಟ್ಟಿನ ಕಂಬ ಕಿತ್ತೆವು. ಎಲ್ಲಿಗೆ ಒಯ್ಯುವುದು? ಒಬ್ಬ ಶಾಲೆಯ ಬಯಲು ಎಂದ, ಇನ್ನೊಬ್ಬ ಸಂತೆಮೈದಾನ ಎಂದ, ನಾನೂ ಒಂದು ಜಾಗ ಹೇಳಿದೆ, ಯಾರಿಗೂ ಕೇಳಿಸಲಿಲ್ಲ. ದುರುಗಪ್ಪ ಜಂಪಣ್ಣನ ಕಡೆ ತಿರುಗಿ, ನೀನು ಹೇಳಿದ ಕಡೆ ಎಂದ. ಜಂಪಣ್ಣ ಏರಿಯ ಆಚೆ ಬದಿ, ಕೆಳಗಿನ ಜಾಲಿಗಿಡಗಳ ಬಯಲನ್ನು ತೋರಿಸಿದ. ಅಂಥ ಕಡೆ ಮುಳ್ಳಿಗೆ ದಿನಕ್ಕೊಂದು ಚೆಂಡು ಬೇಕಾದೀತು, ಅದನ್ನು ಕೊಡಿಸುವವನು ಯಾರು ಎಂದು ನಾನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಹುಡುಗರು ಕಂಬ ಹೊತ್ತು ಏರಿ ಹತ್ತಿಯಾಗಿತ್ತು.

ನಾನು ಏದುಸಿರು ಬಿಡುತ್ತಾ ತಲುಪಿದಾಗ ಕೆಂಚೇಶ್ ಹಾರೆ ಹಿಡಿದು ಕಾಯುತ್ತಾ ನಿಂತಿದ್ದ.

“ಅಪ್ಪಾ, ಗುಂಡಿ ಎಲ್ಲಿ ತೋಡಾನ?”

ಜಂಪಣ್ಣ ಅವಸರ ಮಾಡಲಿಲ್ಲ. ಬಿಸಿಲು ಯಾವ ಕಡೆಯಿಂದ ಕಣ್ಣಿಗೆ ಹೊಡೆಯುತ್ತದೆಂದು ನೋಡಿದ, ಎರಡು ಕಡೆ ನಡೆದಾಡಿದ. ಕೆಂಚೇಶ್ ಅಪ್ಪನ ಮಾತಿಗಾಗಿ ನಿಂತೇ ಇದ್ದ.